ಅಪ್ಪಣೆಯಿಲ್ಲದ ಮೊದಲ ಮಾತು

ಮೊನ್ನೆ ಶಿಡ್ಲಘಟ್ಟದ ಸೈಕಲ್ ರಿಪೇರಿ ಅಂಗಡಿಯಲ್ಲಿ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನಮ್ಮೂರಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಪ್ರೆಸ್ ತಾತ ಸಂಜೆ ಸೀಸದ ಅಚ್ಚುಮೊಳೆಗಳನ್ನು ತೊಳೆಯುವಾಗ ಬರುತ್ತಿದ್ದುದು ಇದೇ ವಾಸನೆ...

ನನ್ನ ಮೊದಲ ಪುಸ್ತಕ ಅಚ್ಚಾದದ್ದು ಅವರಲ್ಲೇ. ರೇಷ್ಮೆ ನೂಲು ತೆಗೆಯುವ ಹೆಂಗಸರ ಬದುಕನ್ನು ಬರೆದಿದ್ದೆ. ಅದರಲ್ಲಿ ಹತ್ತು ಪುಟ ನಮ್ಮಮ್ಮನದು. ಕುದಿಯುವ ನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳುಗಳ ಚರ್ಮವೇ ಸುಲಿದುಹೋಗಿತ್ತು ಅವಳಿಗೆ. ಪುಸ್ತಕವೆಲ್ಲ ಅಚ್ಚಾದ ಮೇಲೆ ಮೊದಲ ಪುಟಗಳನ್ನು ಕೊನೆಗೆ ಅಚ್ಚು ಹಾಕುವುದು ಪ್ರೆಸ್ಸಿನವರ ರೂಢಿ. ಉಳಿದದ್ದು ಮುನ್ನುಡಿಯೊಂದೇ. ಅಚ್ಚಾದ ಹಾಳೆಗಳ ಜೊತೆ ಹಣ್ಣು, ಎಲೆ ಅಡಿಕೆ ಹಿಡಿದು ಊರಿನ ಹಿರಿಯ ಸಾಹಿತಿಯ ಮನೆಗೆ ಹೋದೆ. ಅಮ್ಮ ದುಡಿದ ಕಾರ್ಖಾನೆ ಅವರ ಮನೆತನದ್ದೇ.

"ಆ ಹತ್ತು ಪುಟ ಕಿತ್ತಾಕಮ್ಮ, ಮುನ್ನುಡಿ ಬರ್ಕೊಡ್ತೀನಿ" ಎಂದರು, ಹಾಳೆಗಳನ್ನು ಓದಿ ನೋಡಿ.

ಅಳುತ್ತಾ ಪ್ರೆಸ್ಸಿಗೆ ಬಂದೆ. ಕಿತ್ತುಹಾಕಿಬಿಡೋಣ ಅಂತಲೂ ಅಂದೆ, ಸುಳ್ಳೇಕೆ ಹೇಳಲಿ! ತಾತ ಕೆಂಡವಾದರು. ಬೈಂಡು ಕಿತ್ತುಹೋದ ಇಂಗ್ಲಿಷ್ ನಿಘಂಟನ್ನು ತಂದು ಮೇಜಿನ ಮೇಲೆ ಕುಕ್ಕಿದರು.

"ನೋಡಮ್ಮ, ಫೋರ್‌ವರ್ಡ್ ಅಂದ್ರೆ ಮುನ್ನುಡಿ, ಬೇರೆಯೋರು ಬರೆಯೋದು. ಪ್ರಿಫೇಸ್ ಅಂತ ಇನ್ನೊಂದದೆ, ಅದು ಪುಸ್ತಕ ಬರೆದೋರದ್ದೇ. ಲ್ಯಾಟಿನ್ನಿಂದ ಬಂದಿದ್ದಂತೆ, ಮುಂಚೆ ಆಡೋ ಮಾತು ಅಂತ. ನಿಂಗೇನು ಬಾಯಿಲ್ವಾ? ಆಡು, ನಾನು ಜೋಡಿಸ್ತೀನಿ."

ಕಾಗದವಿಲ್ಲ, ಪೆನ್ನಿಲ್ಲ. ನಾನು ನಿಂತು ಹೇಳುತ್ತಾ ಹೋದೆ, ಅವರು ನೇರವಾಗಿ ಮೊಳೆ ಜೋಡಿಸುತ್ತಾ ಹೋದರು. "ಈ ಪುಸ್ತಕಕ್ಕೆ ಯಾರ ಅಪ್ಪಣೆಯೂ ಇಲ್ಲ" ಎಂಬುದು ಮೊದಲ ಸಾಲು. ಹೇಳುವಾಗ ನನ್ನ ದನಿ ನಡುಗುತ್ತಿತ್ತು.

"ಗಟ್ಟಿಯಾಗಿ ಹೇಳು ತಾಯಿ, ಕೇಳಿಸ್ತಿಲ್ಲ" ಎಂದು ಗದರಿದರು. ಕೇಳಿಸಿತ್ತು ಮಹಾರಾಯರಿಗೆ!

ತಾತ ತೀರಿಕೊಂಡ ಮೇಲೆ ಅವರ ಮಗಳು ಹೇಳಿದಳು: ಪುಸ್ತಕ ಹೊರಬಂದ ವಾರದಿಂದಲೇ ಆ ಸಾಹಿತಿಯ ಮನೆತನದ ಲಗ್ನಪತ್ರಿಕೆ, ಅವರ ಶಾಲೆಯ ಪ್ರಶ್ನೆಪತ್ರಿಕೆ, ಒಂದೂ ಪ್ರೆಸ್ಸಿಗೆ ಬರಲಿಲ್ಲವಂತೆ. ನನ್ನ ಹತ್ತಿರ ತುಟಿ ಪಿಟಕ್ಕೆನ್ನಲಿಲ್ಲ ಆ ಮನುಷ್ಯ.

ಈಗ ಪುಸ್ತಕ ಮತ್ತೆ ಅಚ್ಚಾಗುತ್ತಿದೆ. ಯಾರಾದರೂ ದೊಡ್ಡವರಿಂದ ಮುನ್ನುಡಿ ಬರೆಸಿ, ಮಾರಾಟಕ್ಕೆ ಒಳ್ಳೆಯದು ಎಂದರು ಪ್ರಕಾಶಕರು. ಬೇಡ ಎಂದೆ. ಅಮ್ಮನ ಹತ್ತು ಪುಟ ಇದ್ದ ಹಾಗೇ ಇವೆ. ನನ್ನ ಮಾತಿಗೆ ಒಂದೇ ಒಂದು ಸಾಲು ಸೇರಿಸಿದ್ದೇನೆ, ತಾತನಿಗೆ ವಂದನೆ. ಅಂದು ಅದನ್ನು ಹೇಳಿದಾಗ "ನಂದ್ಯಾಕಮ್ಮ ಇಲ್ಲಿ" ಎಂದು ಜೋಡಿಸಲು ಒಪ್ಪಿರಲಿಲ್ಲ. ಈಗ ಬೇಡ ಅನ್ನಲು ಅವರಿಲ್ಲ.