ಕೆಂಡದಲ್ಲಿ ಕಾಯುತ್ತಿದ್ದ ಔಷಧ

ಅಳವಂಡಿಯಲ್ಲಿ ನಮ್ಮಕ್ಕ ನಾಗಮ್ಮನ ಜರ್ಸಿ ಆಕಳು ಮೇವು ಬಿಟ್ಟಿದ್ದೇ ತಡ, ಇಡೀ ಓಣಿ ವೈದ್ಯಕೀಯ ಮಂಡಳಿಯಾಗಿ ಅಂಗಳದಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಪಕ್ಕದ ಮನೆಯ ಈರಪ್ಪ ಕಾಕಾ ಅವರದು. ನಾನು ಪ್ರೇಕ್ಷಕ. (ತವರಿನಿಂದ ಬಂದ ತಮ್ಮನಿಗೆ ಚಹಾ ಸಿಗುತ್ತದೆ, ಮತದಾನದ ಹಕ್ಕು ಸಿಗುವುದಿಲ್ಲ.)

ಆಕಳಿಗೆ ಮೈ ಸುಡುವ ಜ್ವರ. ಕಿವಿಯ ಕೆಳಗೆ ಗಂಟು. ಮಂಡಳಿಯದು ಸರ್ವಾನುಮತದ ತೀರ್ಮಾನ: ಗಂಟಿನ ಮೇಲೆ ಬರೆ ಎಳೆಯಬೇಕು. ಕುಡುಗೋಲು ಆಗಲೇ ಒಲೆಯ ಕೆಂಡದಲ್ಲಿತ್ತು.

ಬೆಳಿಗ್ಗೆಯೇ ಪಶುವೈದ್ಯರು ಬಂದು, ಆಕಳ ಕಿವಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡು ಹೋಗಿದ್ದರು. ಮಧ್ಯಾಹ್ನ ಅವರ ಫೋನ್ ಬಂತು: ಉಣ್ಣಿ ಕಚ್ಚಿದಾಗ ರಕ್ತಕ್ಕೆ ಸೇರುವ, ಕಣ್ಣಿಗೆ ಕಾಣದ ಜೀವಿಯ ಕೆಲಸವಿದು. ಸಂಜೆ ಇಂಜೆಕ್ಷನ್ ತರುತ್ತೇನೆ. ಬರೆ ಮಾತ್ರ ಹಾಕಬೇಡಿ.

“ಉಣ್ಣಿ ಕಡದ್ರ ಜ್ವರ ಬರ್ತೈತೇನು? ನಮ್ಮಜ್ಜನ ಕಾಲದಿಂದ ದನಕ್ಕ ಉಣ್ಣಿ ಅದಾವ,” ಕಾಕಾ ನಕ್ಕರು. “ಬಾಜೂಕ ಸರಿ ನಾಗವ್ವಾ. ಹೊತ್ತು ಮೀರಿದ್ರ ಆಕಳು ಉಳಿಯಂಗಿಲ್ಲ.”

ಅಕ್ಕ ಸರಿಯಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. ಆ ಆಕಳ ಹಾಲಿನಲ್ಲೇ ಅವಳ ಮನೆ ನಡೆಯುವುದು.

“ಕಾಕಾ, ನಿಮಗ ಸೊಂಟ ಹಿಡದು ಭಾಳ ದಿನ ಆತಲ್ರಿ? ಕುಡಗೋಲು ಹೆಂಗೂ ಕಾದೈತಿ. ಮೊದಲ ನಿಮಗೊಂದು ಎಳೀತೀನಿ. ನೀವು ನೆಟ್ಟಗ ನಿಂತ್ರ, ಆಮ್ಯಾಲ ಆಕಳಿಗೆ.”

“ಏ, ನಾ ಮನಷ್ಯಾ ಅದೀನವಾ!”

“ಹೌದ್ರಿ, ನಿಮಗ ಬಾಯಿ ಐತಿ, ಬ್ಯಾಡ ಅಂತೀರಿ. ಆಕಳಿಗಿಲ್ಲ. ಅದರ ಪರವಾಗಿ ನಾ ಅನ್ನಾಕತ್ತೀನಿ.”

ಸಭೆ ಬರ್ಖಾಸ್ತಾಯಿತು.

ಸಂಜೆ ಇಂಜೆಕ್ಷನ್ ಬಿತ್ತು. ಮರುದಿನವೂ ಆಕಳು ತಲೆ ಎತ್ತಲಿಲ್ಲ. ಓಣಿ ಅಕ್ಕನನ್ನು ಕೊಲೆಗಾರ್ತಿಯಂತೆ ನೋಡಿತು. ಅವಳೋ, ಗೋಡೆಯ ಬಿರುಕಿನಲ್ಲಿ ಅಡಗಿದ್ದ ಉಣ್ಣಿಗಳಿಗೆ ಔಷಧ ಹೊಡೆಯುತ್ತ, ಯಾರ ಮುಖವನ್ನೂ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ಆಕಳು ಮೆಲುಕು ಹಾಕತೊಡಗಿತು.

ಕಾಕಾ ಈಗ ಕಟ್ಟೆಯ ಮೇಲೆ ಹೊಸ ಸಿದ್ಧಾಂತ ಮಂಡಿಸಿದ್ದಾರೆ. “ಕುಡಗೋಲು ನೋಡೇ ಜ್ವರ ಓಡಿ ಹೋತು!”

ಬರೆ ಎಳೆದು ಬದುಕಿದರೆ ಬರೆಯ ಮಹಿಮೆ. ಸತ್ತರೆ ದನದ ಹಣೆಬರಹ. ಎಳೆಯದೆ ಬದುಕಿದರೂ ಬರೆಯ ಮಹಿಮೆಯೇ! ಸೋಲೇ ಇಲ್ಲದ ಇಂಥ ವೈದ್ಯಶಾಸ್ತ್ರದ ಜೊತೆ ವಾದಿಸಿ ಗೆದ್ದವರುಂಟೆ? ಅಕ್ಕ ವಾದಿಸುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತಾಳೆ.

ಜಡ್ಡಾದವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ಪದ್ಧತಿ. ಅಕ್ಕನ ಕೊಟ್ಟಿಗೆಗೆ ಬರುವವರು ದಯಮಾಡಿ ಬರಿಗೈಯಲ್ಲೇ ಬರಬೇಕು.