ಅರಗು ಬಳಿದ ಉಂಗುರ

ಹನ್ನೆರಡು ವೋಲ್ಟಿಗೆ ಯಾರೂ ಹೆದರಬೇಕಾಗಿಲ್ಲ ಎಂದು ಮಾವನಿಗೆ ಹೇಳಿದವನು ನಾನೇ. ಇವತ್ತಿಗೂ ಯಾರಾದರೂ ಗಾಡಿಯ ಬಾನೆಟ್ ಎತ್ತಿದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಮಾವ ಅಂದರೆ ಅಮ್ಮನ ತಮ್ಮ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವರು. ಮೋಟಾರಿನ ಲೇತುಗಳು ಬಂದ ಮೇಲೂ ಕೈಯಿಂದ ಎಳೆದು ತಿರುಗಿಸುವ ಹಳೆಯ ಲೇತನ್ನು ಬಿಟ್ಟಿರಲಿಲ್ಲ. ಹೀಗಾಗಿ ಕರೆಂಟು ಹೋದರೆ ಅವರ ಲೇತು ನಿಲ್ಲುತ್ತಿರಲಿಲ್ಲ, ಬಣ್ಣದ ಕೆಲಸ ನಿಲ್ಲುತ್ತಿತ್ತು. ಮಬ್ಬಿನಲ್ಲಿ ಬಣ್ಣ ತಪ್ಪಿದ ಗೊಂಬೆಯನ್ನು ಅವರು ಮಾರುತ್ತಿರಲಿಲ್ಲ, ಒಲೆಗೆ ಹಾಕುತ್ತಿದ್ದರು.

"ಕಣ್ಣೇ ನನ್ ಬಂಡವಾಳ ಕಣ್ಲಾ. ಕೈ ಯಾವನಿಗಿಲ್ಲ?" ಎನ್ನುತ್ತಿದ್ದರು.

ನಾನು ಎಲೆಕ್ಟ್ರಾನಿಕ್ಸ್ ಓದಿ ಬಿಡದಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಆಗಷ್ಟೇ ಅಂಗಡಿಗಳಿಗೆ ಬಂದಿದ್ದ ಬಿಳಿ ಎಲ್‌ಇಡಿಗಳಿಂದ ಅವರಿಗೊಂದು ದೀಪ ಮಾಡಿಕೊಡುತ್ತೇನೆಂದೆ. ಒಂದೊಂದಕ್ಕೆ ಮೂರು ಚಿಲ್ಲರೆ ವೋಲ್ಟು ಬೇಕು. ಹತ್ತನ್ನು ಸಾಲಾಗಿ ಜೋಡಿಸಿದರೆ ಮೂವತ್ತು ದಾಟುತ್ತದೆ. ಮಾವನ ಮನೆಯಲ್ಲಿದ್ದ ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯ ಹನ್ನೆರಡನ್ನು ಅಲ್ಲಿಗೆ ಏರಿಸುವುದೇ ಬೂಸ್ಟ್ ಕನ್ವರ್ಟರ್. ಒಂದು ಟ್ರಾನ್ಸಿಸ್ಟರು ಸೆಕೆಂಡಿಗೆ ಸಾವಿರಾರು ಸಲ ಕಾಯಿಲ್‌ಗೆ ಕರೆಂಟು ಕೊಟ್ಟು ಕಿತ್ತುಕೊಳ್ಳುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡಾಗ ಕಾಯಿಲ್ ವೋಲ್ಟೇಜನ್ನು ಮೇಲಕ್ಕೆ ಎಸೆಯುತ್ತದೆ. ಇಷ್ಟೇ ವಿಷಯ. ಕಷ್ಟವಿರುವುದು ಬಿಡಿಭಾಗಗಳನ್ನು ಆರಿಸುವುದರಲ್ಲಿ.

ಒಂದು ವಾರ ಲೆಕ್ಕ ಹಾಕಿದೆ. ಮಾಮೂಲಿ ಡಯೋಡು ನಿಧಾನವೆಂದು ಚುರುಕಾದದ್ದನ್ನು ತಂದೆ. ಐವತ್ತು ವೋಲ್ಟಿನ ಕೆಪ್ಯಾಸಿಟರ್ ಸಾಕಿದ್ದಲ್ಲಿ ಅರವತ್ತಮೂರರದನ್ನು ಕೊಂಡೆ. ಕಾಯಿಲ್ ಸುತ್ತಲು ಒಂದು ಫೆರೈಟ್ ಉಂಗುರ ಸಿಕ್ಕಿತು. ಕಬ್ಬಿಣದ ಅಂಶವಿರುವ, ಕಲ್ಲಿನಂತೆ ಗಡುಸಾದ ಕಪ್ಪು ವಸ್ತು ಅದು. ಅದರ ಅಂಚು ಚೂಪಾಗಿದ್ದು ತಂತಿಯ ವಾರ್ನಿಷನ್ನು ಕೆರೆಯುತ್ತಿತ್ತು. ಅಂಚು ನುಣುಪಾಗಲು ಗೊಂಬೆಗೆ ಬಳಿಯುವ ಅರಗಿಗಿಂತ ಒಳ್ಳೆಯದೇನಿದೆ ಎಂದು ಮಾವನ ಕೈಗೇ ಕೊಟ್ಟೆ.

"ಒಸಿ ಅರಗು ಬಳುದ್ಕೊಡಿ ಮಾವ. ಒಂದೇ ಇರೋದು, ಹುಷಾರು."

"ನೋಡಮ್ಮೀ, ಎಂಜಿನೀರು ಉಂಗ್ರ ಮಾಡಿಸ್ಕಳಕ್ಕೆ ಬಂದವ್ನೆ. ಹೆಣ್ಣು ಯಾವೂರ್ದಂತೆ ಕೇಳು!" ಎಂದು ಅವರು ಒಳಗಿದ್ದ ಅತ್ತೆಗೆ ಕೂಗಿ ಹೇಳಿದರು.

ಮುಂದಿನ ಭಾನುವಾರ ಉಂಗುರ ಮಿರಮಿರ ಮಿಂಚುತ್ತ ಕೈಗೆ ಬಂತು. ಅಂಚು ಬೆಣ್ಣೆಯಂತಿತ್ತು. ಅಲ್ಲೇ ಕೂತು ತಂತಿ ಸುತ್ತಿದೆ. ಕಾಯಿಲ್ ಅಳೆಯುವ ಮೀಟರು ನನ್ನ ಬಳಿ ಇರಲಿಲ್ಲ, ಲೆಕ್ಕವಿತ್ತು. ಫ್ಯೂಸನ್ನೂ ಹಾಕಲಿಲ್ಲ. ಹನ್ನೆರಡು ವೋಲ್ಟಿಗೆ ಫ್ಯೂಸೇ?

ಚಾರ್ಜಿಗೆ ಹಾಕಿದ್ದ ಬ್ಯಾಟರಿಯನ್ನು ಆಗಷ್ಟೇ ಅಂಗಡಿಯಿಂದ ತಂದು ಲೇತಿನ ಪಕ್ಕ ಇಟ್ಟಿದ್ದೆವು. ಕ್ಲಿಪ್ಪು ಸಿಕ್ಕಿಸಿದೆ. ದೀಪ ಹತ್ತಲಿಲ್ಲ. ಅರಗು ಕಾದ ವಾಸನೆ ಬಂತು. ಆದರೆ ಆ ಮನೆಯಲ್ಲಿ ಅರಗಿನ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ನಾನು ನಿಶ್ಚಿಂತೆಯಿಂದ ಕೆಪ್ಯಾಸಿಟರಿನ ಲೆಕ್ಕವನ್ನು ಮತ್ತೊಮ್ಮೆ ಮನಸ್ಸಿನಲ್ಲೇ ನೋಡುತ್ತಿದ್ದೆ.

"ಲೇ, ತಂತಿ ಕೆಂಪಗಾಯ್ತಾ ಐತೆ!" ಎನ್ನುತ್ತ ಮಾವ ಬಗ್ಗಿ ಕ್ಲಿಪ್ಪನ್ನು ಕಿತ್ತರು.

ಕಿಡಿ ಹಾರಿತು. ಹೊಸದಾಗಿ ಚಾರ್ಜಾದ ಬ್ಯಾಟರಿಯ ಮೇಲೆ ಹೈಡ್ರೋಜನ್ ಸುಳಿಯುತ್ತಿರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ ಎಂದು ಪಿಯುಸಿಯಲ್ಲೇ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಸದ್ದು ಕೇಳಿದ ನೆನಪಿಲ್ಲ. ಬ್ಯಾಟರಿಯ ಮುಚ್ಚಳ ಗೋಡೆಗೆ ಬಡಿದದ್ದು, ಆಸಿಡ್ ಸಿಡಿದ ಮುಖವನ್ನು ಮಾವ ಎರಡೂ ಕೈಯಲ್ಲಿ ಮುಚ್ಚಿಕೊಂಡದ್ದು, ನನ್ನ ಕಾಲು ಕೀಳದೇ ಹೋದದ್ದು, ಇವು ಮೂರೂ ಇಂದಿಗೂ ಅದೇ ಕ್ರಮದಲ್ಲಿ ಕಣ್ಣ ಮುಂದೆ ಬರುತ್ತವೆ.

ಅತ್ತೆ ಹಸುವಿಗೆಂದು ಕಲಗಚ್ಚಿನ ಬಕೆಟ್ ಹಿಡಿದು ಬಾಗಿಲಲ್ಲಿದ್ದರು. ಬಕೆಟಿನಲ್ಲಿದ್ದುದನ್ನೆಲ್ಲ ಹಾಗೇ ಗಂಡನ ಮುಖಕ್ಕೆ ಎರಚಿದರು.

"ಕಣ್ ಬುಡಿ! ಕಣ್ ಬುಡಿ ಅಂತೀನಿ!"

"ಬುಟ್ರೆ ಸಿಪ್ಪೆ ಒಳೀಕೋಯ್ತದೆ ಕಣಮ್ಮೀ!" ಮಾವನ ತಲೆಯಿಂದ ಹೀರೇಕಾಯಿ ಸಿಪ್ಪೆ ಇಳಿಬಿದ್ದಿತ್ತು.

ಅತ್ತೆ ಬೆರಳಿನಿಂದ ರೆಪ್ಪೆ ಅಗಲಿಸಿ, ತೊಟ್ಟಿಯ ಒಳ್ಳೆ ನೀರನ್ನು ಚೊಂಬು ಚೊಂಬಾಗಿ ಸುರಿದರು. ಆಸ್ಪತ್ರೆಗೆ ಹೋಗುವ ಆಟೋದಲ್ಲೂ ಬಿಂದಿಗೆ ಇಟ್ಟುಕೊಂಡು ಸುರಿಯುತ್ತಲೇ ಇದ್ದರು.

"ಅಕ್ಕಾ, ಆಟೋ ಕೆರೆ ಆಗೋಯ್ತು!" ಎಂದ ಆಟೋದವನು.

"ಈಜ್ಕಂಡ್ ಓಡ್ಸು!"

ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ತಕ್ಷಣ ನೀರು ಸುರಿದದ್ದೇ ದೊಡ್ಡದು, ದೃಷ್ಟಿ ಎಷ್ಟು ಉಳಿದಿದೆಯೋ ಪಟ್ಟಿ ತೆಗೆದಾಗ ನೋಡೋಣ ಎಂದರು.

ಬಟ್ಟೆ ತರಲು ನಾನು ಮನೆಗೆ ಹೋದೆ. ಸುಟ್ಟ ಕಾಯಿಲ್ ಎತ್ತಿಕೊಂಡರೆ ಕೈಯಲ್ಲೇ ಒಡೆಯಿತು. ಕರಗಿದ ಅರಗಿನಡಿ ಮರದ ಎಳೆಗಳು ಕಂಡವು, ಅವುಗಳ ನಡುವೆ ಸೀಸದ ಚೂರುಗಳು. ವಾರವಿಡೀ ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಉಂಗುರ ಮರದ್ದೋ ಅಲ್ಲವೋ ಎಂಬುದನ್ನು ಬಿಟ್ಟು. ಮರದ ಮೇಲೆ ಸುತ್ತಿದ ಕಾಯಿಲ್ ಕರೆಂಟನ್ನು ತಡೆಯುವುದೇ ಇಲ್ಲವೆನ್ನಬಹುದು. ಟ್ರಾನ್ಸಿಸ್ಟರು ಸುಟ್ಟು, ಇಡೀ ಬ್ಯಾಟರಿಯೇ ಆ ತಂತಿಯಲ್ಲಿ ಹರಿದಿತ್ತು.

ಆಸ್ಪತ್ರೆಗೆ ಮರಳಿ ಹಾಸಿಗೆಯ ಪಕ್ಕ ಕೂತು, "ಮಾವ, ಉಂಗುರದೊಳಗೆ ಸೀಸ ಇತ್ತು" ಎಂದೆ.

ಪಟ್ಟಿ ಕಟ್ಟಿದ ಮುಖ ಗೋಡೆಯ ಕಡೆ ತಿರುಗಿತು.

"ನಿಂದು ಲೇತಿಗೆ ಸಿಗಿಸ್ತಿದ್ದಂಗೇ ಎರಡೋಳಾಗೋಯ್ತು ಕಣ್ಲಾ. ಒಂದೇ ಐತೆ ಅಂದಿದ್ದಲ್ಲ, ಹೇಳಕ್ಕೆ ನಾಚ್ಕೆ ಆಯ್ತು. ಅಂಗೇ ಇನ್ನೊಂದು ಮಾಡ್ದೆ." ಮುಖ ಇತ್ತ ತಿರುಗಿಸಿ, "ಸೀಸ ತುಂಬಿ ತೂಕಾನೂ ಸರಿ ಮಾಡಿದ್ದೆ" ಎಂದರು. ಆ ಸ್ಥಿತಿಯಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

"ಸೀಸದ ಬದಲು ಕಬ್ಬಿಣ ಹಾಕಿದ್ರೂ ಒಂದು ಮಾತಿತ್ತು" ಎಂದೆ ನಾನು, ಬುದ್ಧಿಯಿಲ್ಲದೆ.

ಅತ್ತೆ ತಲೆ ಚಚ್ಚಿಕೊಂಡರು. "ಅವ್ರ ನಾಚ್ಕೆ ಒಂದ್ ಕಡೆ, ನಿನ್ ಓದು ಒಂದ್ ಕಡೆ. ನಡುವೆ ನನ್ ಹಸ ಉಪಾಸ!"

ಪಟ್ಟಿ ತೆಗೆದ ದಿನ ಡಾಕ್ಟರು ಬೆರಳು ತೋರಿಸಿದರು. ಮಾವ ಸರಿಯಾಗಿ ಎಣಿಸಿದರು. ಅತ್ತೆಗೆ ಅದು ಸಾಲಲಿಲ್ಲ. "ಬಣ್ಣ ಕೇಳಿ ಸ್ವಾಮಿ" ಎಂದರು. ಡಾಕ್ಟರು ಅಲ್ಲೇ ಇದ್ದ ಕೆಂಪು ಪ್ಲಾಸ್ಟಿಕ್ ಮಗ್ಗು ಎತ್ತಿ ಹಿಡಿದರು. ಮಾವ ಕಣ್ಣು ಪಿಳುಕಿಸಿದರು, ನೀರು ಒರೆಸಿಕೊಂಡರು, ಮತ್ತೆ ಮಗ್ಗನ್ನೇ ನೋಡಿದರು. ಅಷ್ಟರಲ್ಲಿ ನಾನು ಆ ಕ್ಲಿಪ್ಪನ್ನು ಮನಸ್ಸಿನಲ್ಲೇ ನೂರು ಸಲ ಅವರಿಗಿಂತ ಮೊದಲು ಕಿತ್ತಿದ್ದೆ.

"ಕೆಂಪಲ್ಲ" ಎಂದರು ಕೊನೆಗೆ. "ಕೆಂಪು ಅಂತ ಮಾರಿರ್ತಾರೆ. ಒಸಿ ಅರಿಶಿಣ ಬಿದ್ದೈತೆ ಇದ್ಕೆ."

ಡಾಕ್ಟರು ಗಾಬರಿಯಿಂದ ನರ್ಸಿನ ಮುಖ ನೋಡಿದರು. ಅತ್ತೆ ಆಗಲೇ ಸೆರಗು ಬಾಯಿಗಿಟ್ಟುಕೊಂಡು ಅಳುತ್ತ ನಗುತ್ತಿದ್ದರು. ಡಾಕ್ಟರು ಮಗ್ಗನ್ನು ಕಿಟಕಿಯ ಬೆಳಕಿಗೆ ಒಯ್ದು, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು.