ಲಾಭ, ಎರಡು, ಮೂರು

ಮಗಳಿಗೆ ಮೂರು ತುಂಬುತ್ತಿದ್ದಂತೆ ಅವಳನ್ನು ಹುಣಸೂರಿನ ಪ್ಲೇಹೋಮಿಗೆ ವ್ಯಾನಿನಲ್ಲಿ ಕಳಿಸೋಣ ಎಂದು ನಮ್ಮ ಯಜಮಾನರು ಹೊರಟರು. ಬಿಳಿಕೆರೆಯ ಪಕ್ಕದ ನಮ್ಮೂರಿನಿಂದ ಅಷ್ಟು ದೂರ, ಬೆಳಗ್ಗೆ ಏಳೂವರೆಗೇ! "ಒಂದು ವರ್ಷ ನಾನೇ ಮನೇಲಿ ಕಲಿಸ್ತೀನಿ. ಎಲ್‌ಕೆಜಿಗೆ ಸೀಟು ಸಿಗದಿದ್ರೆ, ಇನ್ಮೇಲೆ ಅವಳ ಓದಿನ ವಿಷಯಕ್ಕೆ ನಾನು ಬಾಯಿ ಹಾಕೋದೇ ಇಲ್ಲ," ಎಂದುಬಿಟ್ಟೆ. ಆಡಿದ ಮೇಲೆ ಹೆದರಿಕೆಯಾಯಿತು.

ಕಾನ್ವೆಂಟಿನಲ್ಲಿ ಓದಿದ ನನಗೆ ಗೆರೆ ಎಳೆಯದೆ ಯಾವ ಕೆಲಸವೂ ಶುರುವಾಗದು. ಚಾರ್ಟ್ ಶೀಟಿನ ಮೇಲೆ ಸ್ಕೇಲಿಟ್ಟು ವಾರದ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಸೋಮವಾರ ಬಣ್ಣ, ಮಂಗಳವಾರ ಆಕಾರ, ಬುಧವಾರ ಎಣಿಕೆ. ಎಲ್ಲವೂ ಆಟವೇ, ಆದರೆ ಪ್ರತಿ ಆಟದ ಮುಂದೆಯೂ ಕೆಂಪು ಶಾಯಿಯಲ್ಲಿ ಅದರ ಉದ್ದೇಶ.

ಮೊದಲ ಸೋಮವಾರ, "ಒಂದು ಕೆಂಪು ವಸ್ತು ಹುಡುಕಿ ತಾ," ಎಂದೆ. ಹಿತ್ತಲಿಗೆ ಓಡಿದವಳು ಪಕ್ಕದ ಮನೆಯ ಹುಂಜವನ್ನು ಅವುಚಿಕೊಂಡು ಬಂದಳು. ಉದ್ದೇಶವೇನೋ ಈಡೇರಿತು, ಹುಂಜ ಒಪ್ಪಲಿಲ್ಲ. ಕೊಸರಿಕೊಂಡು ಹಾರಿ ಪಟ್ಟಿಯ ಮೇಲೆ ಮೂರು ಉದ್ದನೆಯ ಗೀರು ಎಳೆದು ಹೋಯಿತು. ಮಂಗಳವಾರ ತ್ರಿಕೋನದ ಚಪಾತಿ ಲಟ್ಟಿಸಿ ಯಜಮಾನರ ಊಟದ ಡಬ್ಬಿಗೆ ಹಾಕಿದೆವು. ಸಂಜೆ ಅಂಗಡಿ ಮುಚ್ಚಿ ಬಂದವರು, "ಗೊಬ್ಬರದಂಗ್ಡಿಗೆ ಬಂದೋರೆಲ್ಲ ಯೂರಿಯಾ ಬುಟ್ಟು ನನ್ ಡಬ್ಬಿ ನೋಡ್ತಾವ್ರೆ ಕಣೆ," ಎಂದರು.

ಕಷ್ಟವಾದದ್ದು ಬುಧವಾರ. ತೊಳೆದು ಒಣಗಿಸಿಟ್ಟಿದ್ದ ಬಾಟಲಿ ಮುಚ್ಚಳಗಳನ್ನು ಎಣಿಸು ಎಂದರೆ, ಅವುಗಳಲ್ಲಿ ಬೊಂಬೆಗೆ ಊಟ ಬಡಿಸುತ್ತಿದ್ದಳು. ಜಗುಲಿಯಲ್ಲಿ ಅತ್ತೆ ಮಿಲ್ಲಿಗೆ ಕಳಿಸುವ ರಾಗಿ ಅಳೆಯತೊಡಗಿದರೆ ಮಾತ್ರ ಎಲ್ಲ ಬಿಟ್ಟು ಓಡುತ್ತಿದ್ದಳು. ಅತ್ತೆಯ ಕೈಯಲ್ಲಿ ಸೇರು, ಇವಳ ಕೈಯಲ್ಲಿ ಟೀ ಲೋಟ. ಇಬ್ಬರದೂ ಒಂದೇ ರಾಗ: "ಲಾಭ... ಎರಡು... ಮೂರು..." ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕೊನೆಯಲ್ಲಿ ಚೀಲದ ತಳದಲ್ಲೊಂದು ಹಿಡಿ ಉಳಿಸುತ್ತಾರೆ, ಬರಿದಾಗಬಾರದೆಂದು.

"ಅತ್ತೆ, ಒಂದು ಅಂತ ಹೇಳಿಕೊಡಿ. ಸ್ಕೂಲಲ್ಲಿ ಕೇಳ್ತಾರೆ."

"ರಾಗಿಗೆ ಒಂದು ಅಂದ್ರೆ ಒಂದ್ರಲ್ಲೇ ನಿಂತೋಯ್ತದೆ ಕಣವ್ವ. ನಿನ್ ಮುಚ್ಚಳಕ್ಕೆ ನೀನು ಏನಾರಾ ಅನ್ಕೊ."

ವರ್ಷ ಕಳೆದು, ಎಲ್‌ಕೆಜಿ ಸೀಟಿಗಾಗಿ ಕಾನ್ವೆಂಟಿನಲ್ಲಿ ಮಗುವನ್ನು ಮಾತಾಡಿಸುವ ದಿನ ಬಂತು. ಗೀರು ಬಿದ್ದ ಪಟ್ಟಿಯನ್ನು ಮಡಚಿ ಫೈಲಿನಲ್ಲಿಟ್ಟುಕೊಂಡು ಯಜಮಾನರ ಜೊತೆ ಹೋದೆ. ಸಿಸ್ಟರ್ ಮೇಜಿನ ಮೇಲೆ ಹತ್ತು ಮರದ ಮಣಿ ಸುರಿದು, ಬಟ್ಟಲು ಕೊಟ್ಟು, "ಎಣಿಸಿ ಇದಕ್ಕೆ ಹಾಕು, ನೋಡೋಣ," ಎಂದರು.

"ಲಾಭ," ಎಂದಳು ಮಗಳು.

ಯಜಮಾನರು ತಲೆಯೆತ್ತಿ ಫ್ಯಾನು ನೋಡತೊಡಗಿದರು. ಅವಳು ಎರಡು, ಮೂರು ಎನ್ನುತ್ತಾ ತಪ್ಪಿಲ್ಲದೆ ಒಂಬತ್ತಕ್ಕೆ ಬಂದವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇನ್ನೊಂದು ಇದೆಯಲ್ಲ?"

"ಅದು ಅಲ್ಲೇ ಇರ್ಲಿ. ಬರಿದು ಮಾಡ್ಬಾರ್ದು."

ಸಿಸ್ಟರ್ ನನ್ನ ಮುಖ ನೋಡಿದರು. ತಡವರಿಸುತ್ತಾ ರಾಗಿ, ಸೇರು, ಅತ್ತೆ, ಎಲ್ಲವನ್ನೂ ವಿವರಿಸಿದೆ. ಅವರು ಮತ್ತೆ ಮಗಳತ್ತ ತಿರುಗಿ, "ಅದೂ ಸೇರಿದ್ರೆ ಎಷ್ಟಮ್ಮಾ?" ಎಂದರು.

"ಹತ್ತು," ಎಂದಳು, ಇಷ್ಟು ದೊಡ್ಡವರಿಗೆ ಅಷ್ಟೂ ಗೊತ್ತಿಲ್ಲವೇ ಎಂಬಂತೆ.

ಸಿಸ್ಟರ್ ನಗುತ್ತಲೇ ಅರ್ಜಿಗೆ ಸಹಿ ಹಾಕಿದರು. ಆಮೇಲೆ ಫೈಲಿನಲ್ಲಿದ್ದ ನನ್ನ ಪಟ್ಟಿ ಬಿಡಿಸಿದರು. ಅವರ ಬೆರಳು ಗೀರಿನ ಮೇಲೆ ನಿಂತಿತು. "ಇದೇನು?"

"ಸೋಮವಾರದ ಪಾಠ, ಸಿಸ್ಟರ್," ಎಂದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು: "ಎಂಗೆ ಎಣಿಸಿದ್ಲು?"

"ಲಾಭ ಅಂತ್ಲೇ ಶುರು ಮಾಡಿದ್ಲು ಅತ್ತೆ. ಕೊನೇಲಿ ಒಂದು ಮಣಿ ಬಿಟ್ಟೂ ಬಂದ್ಲು."

"ಅಂಗಾದ್ರೆ ಸೀಟು ಸಿಕ್ಕೇ ಸಿಕ್ಕಿರ್ತದೆ ಬುಡು," ಎಂದು ಒಳಗೆ ನಡೆದರು. ಸಹಿಯಾದ ಅರ್ಜಿ ನನ್ನ ಕೈಯಲ್ಲೇ ಇತ್ತು. ಅದರತ್ತ ಅವರು ತಿರುಗಿಯೂ ನೋಡಲಿಲ್ಲ.